ವೆಂಟಿಲೇಟರ್‌ಗೆ ನಡೆಯುವ ಕಾರ್ಡ್ ಗುಳಿಗೆಗೆ ಯಾಕೆ ನಡೆಯುವುದಿಲ್ಲ?

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಮಸ್ಕಾರ.

ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಗಳು ಒಂದು ಇಲಾಖೆಗೆ ಬರುತ್ತವೆ. ಹುಬ್ಬಳ್ಳಿಯ ಕಿಮ್ಸ್, ಗದಗಿನ ಜಿಮ್ಸ್, ಹಾವೇರಿಯ ವೈದ್ಯಕೀಯ ಕಾಲೇಜು ಇನ್ನೊಂದಕ್ಕೆ. ನಾನು ಹೇಳುವ ಕಾಯಿಲೆಯವರು ಇವತ್ತು ಅಲ್ಲಿರುತ್ತಾರೆ, ನಾಳೆ ಇಲ್ಲಿರುತ್ತಾರೆ. ಅದಕ್ಕೇ ಹೀಗೆ.

ನಾನು ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಮೆಡಿಕಲ್ ಶಾಪ್ ನಡೆಸುತ್ತೇನೆ. ನನ್ನ ಅಕ್ಕನನ್ನು ಕೊಟ್ಟಿದ್ದು ಸವಣೂರು ಕಡೆಯ ಒಂದು ಹಳ್ಳಿಗೆ. ಅವಳಿಗೆ ಮಯಸ್ತೇನಿಯಾ ಗ್ರ್ಯಾವಿಸ್ ಇದೆ, ಅಂದರೆ ಸ್ನಾಯುಗಳು ಬೇಗ ಸೋಲುವ, ಜೋರಾದರೆ ಉಸಿರಿಗೇ ತರುವ ಕಾಯಿಲೆ. ಹಾಗಾಗಿ ಈ ಕಾಯಿಲೆಯನ್ನು ಕೌಂಟರಿನ ಒಳಗಿನಿಂದಲೂ ನೋಡಿದ್ದೇನೆ, ಹೊರಗೆ ಚೀಟಿ ಹಿಡಿದು ನಿಂತೂ ನೋಡಿದ್ದೇನೆ.

ನನ್ನ ತಕರಾರು ಒಂದೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಒಳ್ಳೆಯ ಯೋಜನೆ. ನಮ್ಮ ಮನೆಗೇ ಅದರ ಉಪಕಾರ ಆಗಿದೆ. ಆದರೆ ಅದು ಅಡ್ಮಿಟ್ ಆದವರ ಯೋಜನೆ. ಮಯಸ್ತೇನಿಯಾ ಇರುವವರು ಅಡ್ಮಿಟ್ ಆಗದೇ ಇರಬೇಕು ಅಂದರೆ ದಿನಾ ಗುಳಿಗೆ ಬೇಕು, ಆಗಾಗ ರಕ್ತ ಪರೀಕ್ಷೆ ಬೇಕು. ಅದು ವರ್ಷಗಟ್ಟಲೆ ನಡೆಯಬೇಕು. ಆ ಖರ್ಚು ಈ ಕಾರ್ಡಿನಲ್ಲಿ ಬರುವುದಿಲ್ಲ. ಒಂದು ಕೌಂಟರಿನಲ್ಲಿ ಕುಳಿತ ಹುಡುಗ ಭಾವನಿಗೆ ಹೇಳಿದ್ದು ಇಷ್ಟು: "ಅಡ್ಮಿಟ್ ಆದ್ರ ಕಾರ್ಡ್ ನಡೀತೈತ್ರಿ. ಗುಳಿಗಿಗೆ ನಡ್ಯಂಗಿಲ್ಲ." ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ, ನಿಯಮವೇ ಹಾಗಿದೆ. ಉಸಿರು ನಿಂತು ಐಸಿಯು ಸೇರಿದರೆ ಸರ್ಕಾರ ದುಡ್ಡು ಕೊಡುತ್ತದೆ. ಉಸಿರು ನಿಲ್ಲದ ಹಾಗೆ ನೋಡಿಕೊಳ್ಳುವ ಗುಳಿಗೆಗೆ ಮಾತ್ರ ಕೊಡುವುದಿಲ್ಲ. ಲೆಕ್ಕ ಹಾಕಿದರೆ ಇದರಲ್ಲಿ ನಷ್ಟ ಸರ್ಕಾರಕ್ಕೇ ಅಲ್ವಾ?

ಈ ಕಾಯಿಲೆ ಎಂಥದ್ದು ಅಂತ ಮೊದಲು ಹೇಳುತ್ತೇನೆ. ಓದುವವರಲ್ಲಿ ಬಹಳ ಜನ ಹೆಸರೇ ಕೇಳಿರಲಿಕ್ಕಿಲ್ಲ. ಅಮಿತಾಭ್ ಬಚ್ಚನ್‌ಗೆ ಬಂದಿದ್ದ ಕಾಯಿಲೆ ಅಂದರೆ ಕೆಲವರು "ಹೌದಾ" ಅನ್ನುತ್ತಾರೆ. ನರದ ತುದಿಯಿಂದ ಅಸಿಟೈಲ್‌ಕೋಲೀನ್ ಅನ್ನುವ ರಾಸಾಯನಿಕ ಹೊರಟು ಸ್ನಾಯುವನ್ನು ಮುಟ್ಟಿದರೆ ಸ್ನಾಯು ಕೆಲಸ ಮಾಡುತ್ತದೆ. ಇವರಲ್ಲಿ ದೇಹವೇ ಪ್ರತಿಕಾಯಗಳನ್ನು (ಆಂಟಿಬಾಡಿ) ತಯಾರು ಮಾಡಿ, ಸ್ನಾಯುವಿನ ಮೇಲೆ ಆ ರಾಸಾಯನಿಕವನ್ನು ಹಿಡಿದುಕೊಳ್ಳುವ ಜಾಗಗಳನ್ನೇ (ರಿಸೆಪ್ಟರ್) ಕೆಡಿಸುತ್ತದೆ. ಹೊಲದ ಭಾಷೆಯಲ್ಲಿ ಹೇಳುವುದಾದರೆ ಕರೆಂಟ್ ಇದೆ, ಮೋಟಾರೂ ಗಟ್ಟಿ ಇದೆ, ಸ್ಟಾರ್ಟರ್ ಹತ್ತಿರ ಕನೆಕ್ಷನ್ ಲೂಸು. ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ.

ಅಕ್ಕನಲ್ಲಿ ಇದು ಮೊದಲು ಗೊತ್ತಾಗಿದ್ದು ರೊಟ್ಟಿ ಬಡಿಯುವಾಗ. ಮೊದಲ ನಾಲ್ಕೈದು ರೊಟ್ಟಿ ಎಂದಿನ ಹಾಗೆ ತೆಳ್ಳಗೆ, ದುಂಡಗೆ ಬರುತ್ತಿದ್ದವು. ಆಮೇಲಿನವು ದಪ್ಪ. ಅದರ ನಂತರ ತೋಳು ಏಳುತ್ತಲೇ ಇರಲಿಲ್ಲ. ಹತ್ತು ನಿಮಿಷ ಗೋಡೆಗೆ ಒರಗಿ ಕುಳಿತರೆ ಮತ್ತೆ ಎರಡು ರೊಟ್ಟಿ ಆಗುತ್ತಿತ್ತು. ಕಟಕ ರೊಟ್ಟಿ ಅಗಿಯುವುದಂತೂ ದೂರವೇ ಉಳಿಯಿತು, ಅರ್ಧಕ್ಕೇ ದವಡೆ ಸೋಲುತ್ತಿತ್ತು. "ತಮ್ಮಾ, ಸಂಜಿ ಆತಂದ್ರ ಕಣ್ಣ ತೆರಿಯಾಕ ಆಗವಲ್ದು, ಒಂದ ಎಮ್ಮಿ ಎರಡ ಕಾಣ್ತಾವು" ಅನ್ನುತ್ತಿದ್ದಳು. ಬೆಳಿಗ್ಗೆ ನೋಡಿದರೆ ಆರಾಮ. ಊರಿನವರು ಲಕ್ವಾ ಅಂದರು, ದೃಷ್ಟಿ ತಾಗಿದೆ ಅಂದರು. ಸೊಸೆಗೆ ಕೆಲಸದ ಕಳ್ಳತನ ಅಂತಲೂ ಒಬ್ಬರು ಅಂದರು, ಅವರ ವಿಷಯ ಬಿಡಿ. ಡಾಕ್ಟರುಗಳೂ ಮೊದಮೊದಲು ಬಿ12 ಇಂಜೆಕ್ಷನ್, ಕನ್ನಡಕ, ಥೈರಾಯ್ಡ್ ಪರೀಕ್ಷೆ ಅಂತ ಸುತ್ತು ಹಾಕಿಸಿದರು. ಬೆಳಿಗ್ಗೆ ಹೊತ್ತು ಒಪಿಡಿಗೆ ಹೋದರೆ ಈ ಕಾಯಿಲೆ ಸಿಕ್ಕಿ ಬೀಳುವುದೇ ಕಷ್ಟ.

ಎಷ್ಟು ಜನರಿಗೆ ಇರಬಹುದು? ಬೇರೆ ದೇಶಗಳಲ್ಲಿ ಸಾಮಾನ್ಯವಾಗಿ ಹತ್ತು ಲಕ್ಷ ಜನರಲ್ಲಿ 150ರಿಂದ 250 ಮಂದಿಗೆ ಇದೆ ಅನ್ನುತ್ತಾರೆ. 2011ರ ಜನಗಣತಿ ಪ್ರಕಾರ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಸೇರಿ ಸುಮಾರು 45 ಲಕ್ಷ ಜನ. ಆ ಲೆಕ್ಕವನ್ನು ಅರ್ಧ ಮಾಡಿ ಹಿಡಿದರೂ ಕೆಲವು ನೂರು ಮಂದಿ ಆಗುತ್ತಾರೆ. ಅಷ್ಟು ಜನರಿಗೆ ಗುಳಿಗೆ ಇಡಲು ರಾಜ್ಯದ ಬೊಕ್ಕಸವೇನೂ ಬರಿದಾಗುವುದಿಲ್ಲ.

ಇನ್ನು ಔಷಧಿಗಳ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಇದು ನನ್ನ ಧಂದೆ.

ಮೊದಲನೆಯದು ಪಿರಿಡೊಸ್ಟಿಗ್ಮಿನ್. 60 ಮಿಲಿಗ್ರಾಂ ಗುಳಿಗೆ. ನುಂಗಿದ ಅರ್ಧ ಮುಕ್ಕಾಲು ಗಂಟೆಗೆ ರೆಪ್ಪೆ ಏಳುತ್ತದೆ, ಮಾತು ಸ್ಪಷ್ಟ ಆಗುತ್ತದೆ. ಮೂರು ನಾಲ್ಕು ಗಂಟೆಗೆ ಅದರ ಬಲ ಇಳಿಯುತ್ತದೆ. ಹಾಗಾಗಿ ದಿನಕ್ಕೆ ನಾಲ್ಕೈದು ಸಲ ಬೇಕು. ಊಟಕ್ಕೆ ಮುಂಚೆ ತಗೊಂಡರೆ ಅಗಿಯಲು, ನುಂಗಲು ಅನುಕೂಲ. ಇದು ಹೊಸ ಮದ್ದೇನಲ್ಲ. ಇದೇ ಜಾತಿಯ ಫೈಸೊಸ್ಟಿಗ್ಮಿನ್ ಚುಚ್ಚಿ ಜೋತು ಬಿದ್ದ ರೆಪ್ಪೆ ಏಳುವುದನ್ನು ಮೇರಿ ವಾಕರ್ ಅನ್ನುವ ವೈದ್ಯೆ ಲಂಡನ್ನಿನ ಗ್ರೀನಿಚ್‌ನಲ್ಲಿ ತೋರಿಸಿದ್ದು 1934ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಪಿರಿಡೊಸ್ಟಿಗ್ಮಿನ್ ಇದೆ. ಆದರೆ ನಮ್ಮ ಹಳ್ಳಿಗಳ ಮೆಡಿಕಲ್ ಶಾಪ್‌ನಲ್ಲಿ ಕೇಳಿ ನೋಡಿ. ಸಿಗುವುದಿಲ್ಲ. ಅಂಗಡಿಯವರನ್ನು ಬೈಯಬೇಡಿ. ಇಡೀ ಊರಿಗೆ ಒಬ್ಬರು ಗಿರಾಕಿ ಇದ್ದರೆ ಹೆಚ್ಚು. ಅವರು ಒಂದು ತಿಂಗಳು ಬರದಿದ್ದರೆ ಮಾಲು ಎಕ್ಸ್‌ಪೈರಿ ಆಗಿ ಲಾಸು. ಅಕ್ಕನ ಗುಳಿಗೆಯನ್ನು ನಾನು ಒಂದು ಕವರಿನಲ್ಲಿ ಹಾಕಿ, ಪಿನ್ ಹೊಡೆದು, ಮೇಲೆ ಭಾವನ ಫೋನ್ ನಂಬರ್ ಬರೆದು, ಸವಣೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ. ಅವರು ಪುಣ್ಯಾತ್ಮರು, ತಲುಪಿಸುತ್ತಾರೆ. ಮೆಡಿಕಲ್ ಶಾಪ್ ಇಟ್ಟ ತಮ್ಮ ಇಲ್ಲದವರು ಏನು ಮಾಡಬೇಕು?

ಪಿರಿಡೊಸ್ಟಿಗ್ಮಿನ್ ಶಕ್ತಿ ಕೊಡುತ್ತದೆಯೇ ಹೊರತು ಕಾಯಿಲೆಯ ಬೇರು ಮುಟ್ಟುವುದಿಲ್ಲ. ಕೆಲವರಿಗೆ, ಅದರಲ್ಲೂ ಬರೀ ಕಣ್ಣಿಗೆ ಸೀಮಿತ ಆಗಿರುವವರಿಗೆ, ಅದೊಂದೇ ಸಾಕಾಗಬಹುದು. ಉಳಿದವರಿಗೆ ಪ್ರತಿಕಾಯ ತಯಾರಾಗುವುದನ್ನೇ ತಗ್ಗಿಸಬೇಕು. ಅದಕ್ಕೆ ಮೊದಲು ಬರುವುದು ಪ್ರೆಡ್ನಿಸೊಲೋನ್, ಅಂದರೆ ಸ್ಟಿರಾಯ್ಡ್. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ. ಆದರೆ ದೊಡ್ಡ ಡೋಸಿನಿಂದ ಶುರು ಮಾಡಿದರೆ ಮೊದಲ ಒಂದೆರಡು ವಾರ ನಿಶ್ಶಕ್ತಿ ಇನ್ನೂ ಹೆಚ್ಚಾಗಬಹುದು. ಅದನ್ನು ಮುಂಚೆ ಹೇಳದಿದ್ದರೆ ರೋಗಿ ಗಾಬರಿ ಬಿದ್ದು ಗುಳಿಗೆಯನ್ನೇ ಎಸೆಯುತ್ತಾನೆ. ವರ್ಷಗಟ್ಟಲೆ ತಗೊಂಡರೆ ಶುಗರ್, ಬಿಪಿ, ಕಣ್ಣಿನ ಪೊರೆ, ಎಲುಬು ಸವೆತ, ಮುಖ ಊದುವುದು. ನನ್ನ ಅಂಗಡಿಗೆ ಬರುವ ಒಬ್ಬ ಹೆಣ್ಣುಮಗಳು ಮದುವೆ ಫೋಟೋ ತೋರಿಸಿ "ಇದು ನಾನರೀ" ಅಂದಾಗ ನಾನು ನಂಬಿರಲಿಲ್ಲ. ಇಷ್ಟೆಲ್ಲ ತೊಂದರೆ ಇದೆ ಅಂತ ಒಮ್ಮೆಗೇ ಬಿಟ್ಟರೆ ಅದು ಇನ್ನೂ ಅಪಾಯ. ಇಳಿಸುವುದಾದರೆ ಡಾಕ್ಟರ್ ಹೇಳಿದಂತೆ ಮೆಲ್ಲಗೆ ಇಳಿಸಬೇಕು.

ಸ್ಟಿರಾಯ್ಡ್ ಇಳಿಸುವುದಕ್ಕೆ ಜೊತೆಗಾರ ಬೇಕು. ಅದು ಹೆಚ್ಚಾಗಿ ಅಜಥಯೋಪ್ರಿನ್. ಇದರ ಸ್ವಭಾವ ನಿಧಾನ. ಆರು ತಿಂಗಳಿಂದ ಒಂದು ವರ್ಷ, ಕೆಲವರಲ್ಲಿ ಇನ್ನೂ ಹೆಚ್ಚು ದಿನ ಆದಮೇಲೆ ಅದರ ಗುಣ ಕಾಣುತ್ತದೆ. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲೂ ಇದೇ ಕಂಡಿತು. ಮೊದಲ ವರ್ಷ ಅಜಥಯೋಪ್ರಿನ್ ತಗೊಂಡವರಿಗೂ ತಗೊಳ್ಳದವರಿಗೂ ಸ್ಟಿರಾಯ್ಡ್ ಡೋಸಿನಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಎರಡನೇ, ಮೂರನೇ ವರ್ಷಕ್ಕೆ ಬರುವಾಗ ತಗೊಂಡವರ ಡೋಸು ಇಳಿದಿತ್ತು. ಈಗ ಯೋಚಿಸಿ. ಒಂದು ವರ್ಷ ಏನೂ ಗುಣ ಕಾಣದ ಗುಳಿಗೆಗೆ, ಪ್ರತಿ ತಿಂಗಳು ಕೈಯಿಂದ ದುಡ್ಡು ಹಾಕಿ, ಕೂಲಿ ಬಿಟ್ಟು ಹುಬ್ಬಳ್ಳಿಗೆ ಬಂದು ಯಾರು ತಾನೇ ತಗೊಂಡು ಹೋಗುತ್ತಾರೆ? ಆರು ತಿಂಗಳಿಗೆ "ಏನೂ ಫರಕ್ ಆಗ್ಲಿಲ್ರಿ" ಅಂತ ಬಿಟ್ಟುಬಿಡುತ್ತಾರೆ. ಕೌಂಟರಿನಲ್ಲಿ ನಿಂತು ನಾನು ಇದನ್ನೇ ಹೆಚ್ಚು ನೋಡಿದ್ದು. ಗುಣ ಶುರುವಾಗುವ ಹೊತ್ತಿಗೆ ಗಿರಾಕಿ ಕಾಣೆಯಾಗಿರುತ್ತಾನೆ.

ಅಜಥಯೋಪ್ರಿನ್ ಸುಮ್ನೆ ಕೊಟ್ಟು ಕಳಿಸುವ ಗುಳಿಗೆಯೂ ಅಲ್ಲ. ಬಿಳಿ ರಕ್ತಕಣ ಇಳಿಯಬಹುದು, ಲಿವರ್‌ಗೆ ಪೆಟ್ಟಾಗಬಹುದು. ನಮ್ಮ ಏಷ್ಯಾದ ಜನರಲ್ಲಿ ನಡ್ಟ್15 ಅನ್ನುವ ಜೀನಿನ ವ್ಯತ್ಯಾಸ ಇರುವವರಿಗೆ ಬಿಳಿ ಕಣ ಬೇಗನೇ ಕುಸಿಯುತ್ತದೆ. ಅದಕ್ಕೆ ಶುರುವಿನ ವಾರಗಳಲ್ಲಿ ಪದೇಪದೇ ರಕ್ತ ಪರೀಕ್ಷೆ ಮಾಡಬೇಕು, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ. ಕೀಲು ನೋವಿಗೆ ಯೂರಿಕ್ ಆಸಿಡ್ ಅಂತ ಯಾರಾದರೂ ಅಲೋಪ್ಯೂರಿನಾಲ್ ಬರೆದುಕೊಟ್ಟರೆ ಈ ಗುಳಿಗೆಯ ವಿಷ ಏರುತ್ತದೆ. ಬೇಕಿರುವ ಪರೀಕ್ಷೆ ಅಂದರೆ ರಕ್ತಕಣ ಎಣಿಸುವ ಸಿಬಿಸಿ, ಲಿವರ್ ಫಂಕ್ಷನ್. ಯಾವ ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲೂ ಆಗುವಂಥವು. ಅದಕ್ಕಾಗಿ ಹಿರೇಕೆರೂರಿನವರು, ರೋಣದವರು ಹುಬ್ಬಳ್ಳಿಗೆ ಬರಬೇಕಾಗಿಲ್ಲ. ಹುಬ್ಬಳ್ಳಿ ಸ್ಟೇಷನ್ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದ ಅಂತ ನಾವೆಲ್ಲ ಹೆಮ್ಮೆ ಪಡುತ್ತೇವೆ. ಅಕ್ಕನಿಗೆ ಅದನ್ನು ನೆನೆಸಿಕೊಂಡರೇ ಕಾಲು ಸೋಲುತ್ತದೆ.

ಅಜಥಯೋಪ್ರಿನ್ ಒಗ್ಗದವರಿಗೆ ಮೈಕೋಫಿನೊಲೇಟ್, ಟ್ಯಾಕ್ರೊಲಿಮಸ್ ಮುಂತಾದವು ಇವೆ. ಮೈಕೋಫಿನೊಲೇಟ್ ಬಸಿರಿನಲ್ಲಿ ಕೂಡದು. ಹರೆಯದ ಹೆಣ್ಣುಮಕ್ಕಳಿಗೆ ಕೊಡುವ ಮುಂಚೆ ಕೂಡಿಸಿಕೊಂಡು ಮಾತಾಡಬೇಕು. ನಮ್ಮಲ್ಲಿ ಅತ್ತೆಯನ್ನೂ ಗಂಡನನ್ನೂ ಜೊತೆಗೆ ಕೂಡಿಸಬೇಕಾಗುತ್ತದೆ. ಮಸ್ಕ್ ಅನ್ನುವ ಬೇರೆ ಜಾತಿಯ ಪ್ರತಿಕಾಯ ಇರುವ ಕೆಲವರಿಗೆ ಪಿರಿಡೊಸ್ಟಿಗ್ಮಿನ್ ಅಷ್ಟಾಗಿ ಒಗ್ಗುವುದಿಲ್ಲ, ರಿಟುಕ್ಸಿಮ್ಯಾಬ್ ಅನ್ನುವ ಇಂಜೆಕ್ಷನ್ ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಅದರ ಸ್ವದೇಶಿ ರೂಪವನ್ನು ಹೈದರಾಬಾದಿನ ಕಂಪನಿಯೊಂದು 2007ರಲ್ಲೇ ಮಾರುಕಟ್ಟೆಗೆ ತಂದಿತು. ಹಾಗಾಗಿ ಯಾರಿಗೆ ಯಾವ ಪ್ರತಿಕಾಯ ಇದೆ ಅಂತ ಮೊದಲೇ ತಿಳಿಯಬೇಕು. ಈ ಪರೀಕ್ಷೆ ಇಲ್ಲೇ ಆಗದಿದ್ದರೂ ಪರವಾಗಿಲ್ಲ, ರಕ್ತವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದು ಬೆಂಗಳೂರಿಗೆ ಕಳಿಸಬಹುದು. ರಕ್ತ ಪ್ರಯಾಣ ಮಾಡಲಿ, ರೋಗಿ ಯಾಕೆ ನಾನೂರು ಕಿಲೋಮೀಟರ್ ಹೋಗಬೇಕು?

ಆಪರೇಷನ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಎದೆಗೂಡಿನೊಳಗೆ ಥೈಮಸ್ ಅನ್ನುವ ಗ್ರಂಥಿ ಇದೆ. ಈ ಕಾಯಿಲೆಯವರಲ್ಲಿ ನೂರಕ್ಕೆ 10ರಿಂದ 15 ಜನರಿಗೆ ಅದರಲ್ಲಿ ಗಡ್ಡೆ ಇರುತ್ತದೆ, ಅದನ್ನು ತೆಗೆಯಲೇಬೇಕು. ಗಡ್ಡೆ ಇಲ್ಲದವರಿಗೂ ತೆಗೆದರೆ ಲಾಭ ಇದೆಯಾ ಅನ್ನುವ ವಾದ ಬಹಳ ವರ್ಷ ನಡೆದಿತ್ತು. 2016ರಲ್ಲಿ 126 ರೋಗಿಗಳ ಒಂದು ಅಂತಾರಾಷ್ಟ್ರೀಯ ಅಧ್ಯಯನ ಬಂತು. 18ರಿಂದ 65 ವರ್ಷದವರು, ಅಸಿಟೈಲ್‌ಕೋಲೀನ್ ರಿಸೆಪ್ಟರ್ ವಿರುದ್ಧದ ಪ್ರತಿಕಾಯ ಇದ್ದವರು, ಕಾಯಿಲೆ ಶುರುವಾಗಿ ಐದು ವರ್ಷ ದಾಟದವರು. ಮೂರು ವರ್ಷದಲ್ಲಿ ಕಾಯಿಲೆ ಕೆರಳಿ ಆಸ್ಪತ್ರೆ ಸೇರಿದವರು ಆಪರೇಷನ್ ಆದವರಲ್ಲಿ ನೂರಕ್ಕೆ 9, ಬರೀ ಸ್ಟಿರಾಯ್ಡ್ ತಗೊಂಡವರಲ್ಲಿ 37. ಈ ಎರಡು ಅಂಕಿಗಳನ್ನು ನಿಮ್ಮ ಹಣಕಾಸಿನವರಿಗೆ ತೋರಿಸಿ. ಆಪರೇಷನ್ ಆದ ಮರುದಿನವೇ ಗುಣ ಕಾಣುವುದಿಲ್ಲ, ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಮಸ್ಕ್ ಜಾತಿಯವರಿಗೆ ಇದರಿಂದ ಪ್ರಯೋಜನ ಕಂಡಿಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವುದು ನರರೋಗ ತಜ್ಞರ ಕೆಲಸ. ಆದರೆ ಆ ತೀರ್ಮಾನ ಮೊದಲ ಒಂದೆರಡು ವರ್ಷದಲ್ಲೇ ಆಗಬೇಕು. ನಮ್ಮ ಕಡೆ ಕಾಯಿಲೆ ಗೊತ್ತಾಗುವ ಹೊತ್ತಿಗೇ ಅಷ್ಟು ಕಾಲ ಕಳೆದಿರುತ್ತದೆ.

ಈಗ ನನ್ನ ಅಂಗಡಿಯ ಕಡೆಯ ಮಾತು. ನಮ್ಮ ವ್ಯಾಪಾರಿ ಮಿತ್ರರಿಗೂ ಇದು ಸ್ವಲ್ಪ ಚುಚ್ಚಬಹುದು.

ಪಿರಿಡೊಸ್ಟಿಗ್ಮಿನ್ ತಗೊಂಡವರಿಗೆ ಹೊಟ್ಟೆ ಹಿಂಡುವುದು, ಭೇದಿ ಆಗುವುದು ಸಾಮಾನ್ಯ. ಅವರು ಹತ್ತಿರದ ಅಂಗಡಿಗೆ ಹೋಗಿ "ಹೊಟ್ಟಿ ಕೆಟ್ಟೈತ್ರಿ" ಅನ್ನುತ್ತಾರೆ. ಉತ್ತರ ಕರ್ನಾಟಕದ ಯಾವ ಅಂಗಡಿಯಾದರೂ ಆಗಲಿ, ಚೀಟಿ ಇಲ್ಲದೆ ಕೈಗೆ ಬರುವುದು ಓಫ್ಲೋಕ್ಸಾಸಿನ್–ಆರ್ನಿಡಜೋಲ್. ಈ ಓಫ್ಲೋಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಎಲ್ಲ ಒಂದೇ ಕುಟುಂಬದ ಆಂಟಿಬಯೋಟಿಕ್. ಮಯಸ್ತೇನಿಯಾ ಇರುವವರಲ್ಲಿ ಇವು ನಿಶ್ಶಕ್ತಿಯನ್ನು ಕೆರಳಿಸಿ ಉಸಿರಿಗೇ ತರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಇವುಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದರೆ ತನ್ನ ಅತಿ ಗಂಭೀರ ಎಚ್ಚರಿಕೆ, ಹಾಕಿಸಿತು. ಅಕ್ಕನಿಗೆ ಆಗಿದ್ದೂ ಇದೇ. ಸಂತೆ ದಿನ ಹೊಟ್ಟೆ ಕೆಟ್ಟಿತು, ಗುಳಿಗೆ ಬಂತು, ಮರುದಿನ ಸಂಜೆಗೆ ನೀರು ಮೂಗಿನಿಂದ ವಾಪಸ್ ಬರತೊಡಗಿತು. ಯಾವ ಅಂಗಡಿ ಅಂತ ಹೇಳುವುದಿಲ್ಲ. ಯಾವ ಅಂಗಡಿಗೆ ಹೋಗಿದ್ದರೂ ಅದೇ ಗುಳಿಗೆ ಬರುತ್ತಿತ್ತು.

ಅಜಿತ್ರೊಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್, ಎದೆಬಡಿತಕ್ಕೂ ತಲೆನೋವಿಗೂ ಕೊಡುವ ಪ್ರೊಪ್ರನಲಾಲ್, ಮಲೇರಿಯಾದ ಕ್ವಿನೈನ್, ಇವೂ ಆ ಸಾಲಿನಲ್ಲೇ ಬರುತ್ತವೆ. ಇನ್ನೊಂದನ್ನು ಒತ್ತಿ ಹೇಳಬೇಕು. ಬಸುರಿಯರಿಗೆ ಬಿಪಿ ಏರಿ ಫಿಟ್ಸ್ ಬಂದರೆ ಮ್ಯಾಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕೊಡಲು ನಮ್ಮ ಸಿಸ್ಟರ್‌ಗಳಿಗೆ ತರಬೇತಿ ಇದೆ. ಲಕ್ಷಾಂತರ ತಾಯಂದಿರ ಜೀವ ಉಳಿಸಿದ ಇಂಜೆಕ್ಷನ್ ಅದು. ಮಯಸ್ತೇನಿಯಾ ಇರುವ ಬಸುರಿಗೆ ಮಾತ್ರ ಅದೇ ಉಸಿರು ಕಟ್ಟಿಸಬಹುದು. ಈ ಕಾಯಿಲೆ ಬರುವ ಹೆಂಗಸರಲ್ಲಿ ಬಹಳ ಮಂದಿ ನಲವತ್ತರ ಒಳಗಿನವರು, ಹೆರಿಗೆಯ ವಯಸ್ಸಿನವರು. ತಾಯಿ ಕಾರ್ಡಿನ ಮೇಲೆ ಕೆಂಪಕ್ಷರದಲ್ಲಿ ಒಂದು ಸಾಲು ಇದ್ದರೆ ಸಾಕು. ಅವರಿಗೆ ಹುಟ್ಟುವ ಹತ್ತು ಕೂಸುಗಳಲ್ಲಿ ಒಂದೆರಡಕ್ಕೆ ಮೊದಲ ಕೆಲವು ವಾರ ಹಾಲು ಚೀಪಲು ಶಕ್ತಿ ಇರುವುದಿಲ್ಲ. ಆಮೇಲೆ ತಾನೇ ಸರಿ ಹೋಗುತ್ತದೆ. ಅಷ್ಟು ದಿನ ನೋಡಿಕೊಳ್ಳುವ ಆಸ್ಪತ್ರೆಯಲ್ಲೇ ಹೆರಿಗೆ ಆಗಬೇಕು.

ಆಕ್ಸಿಮೀಟರ್ ವಿಷಯವನ್ನೂ ಹೇಳಿಬಿಡುತ್ತೇನೆ. ಕೊರೊನಾ ಬಂದುಹೋದ ಮೇಲೆ ಊರೂರಿಗೂ ಆ ಯಂತ್ರ ಇದೆ, ಅದರ ಮೇಲೆ ಭಕ್ತಿಯೂ ಇದೆ. ಅಕ್ಕ ಏದುಸಿರು ಬಿಡುತ್ತಾ ಒಂದು ಆಸ್ಪತ್ರೆಗೆ ಹೋದಾಗ ಬೆರಳಿಗೆ ಸಿಕ್ಕಿಸಿ ನೋಡಿದರು. 97. "ಆಕ್ಸಿಜನ್ ಚಲೋ ಐತಿ, ಗಾಬರಿ ಬ್ಯಾಡ, ಟೆನ್ಶನ್ ಮಾಡ್ಕೊಂಡೀರಿ" ಅಂತ ವಾಪಸ್ ಕಳಿಸಿದರು. ಸ್ನಾಯು ಸೋತು ಉಸಿರು ಕಟ್ಟುವವರಲ್ಲಿ ಆಕ್ಸಿಜನ್ ಅಂಕಿ ಕೊನೆಯವರೆಗೂ ಚೆನ್ನಾಗೇ ಇರುತ್ತದೆ. ಇಳಿದಾಗ ದಿಢೀರ್ ಅಂತ ಇಳಿಯುತ್ತದೆ. ಯಂತ್ರ ಬೇಡದ ಒಂದು ಪರೀಕ್ಷೆ ಇದೆ. ಆಳವಾಗಿ ಉಸಿರು ಎಳೆದುಕೊಂಡು ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಅಂತ ಗಟ್ಟಿಯಾಗಿ ಎಣಿಸಲು ಹೇಳುವುದು. ಆರೋಗ್ಯವಂತರು ಸಲೀಸಾಗಿ ನಲವತ್ತು ಐವತ್ತು ಎಣಿಸುತ್ತಾರೆ. 20 ದಾಟದಿದ್ದರೆ ತಡ ಮಾಡದೆ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಕಳಿಸಬೇಕು. ಆಶಾ ಕಾರ್ಯಕರ್ತೆಯರೂ ಇದನ್ನು ಮಾಡಬಹುದು. ಅವತ್ತು ಅಕ್ಕ ಹನ್ನೊಂದಕ್ಕೆ ನಿಂತಳು. ಎಣಿಸಲು ಹೇಳಿದ್ದು ನಾನು, ಫೋನಿನಲ್ಲಿ.

ಆ ಹಂತಕ್ಕೆ ಹೋದವರಿಗೆ ಎರಡು ದಾರಿ ಇವೆ. ಐವಿಐಜಿ, ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ರಕ್ತನಾಳಕ್ಕೆ ಹಾಕುವುದು, ಇಲ್ಲವೇ ಪ್ಲಾಸ್ಮಾ ಬದಲಾವಣೆ. ಐವಿಐಜಿ ದೇಹದ ತೂಕದ ಕಿಲೋಗೆ 2 ಗ್ರಾಂ ಲೆಕ್ಕದಲ್ಲಿ ಎರಡರಿಂದ ಐದು ದಿನ ಕೊಡುತ್ತಾರೆ. 50 ಕೆಜಿ ತೂಕದವರಿಗೆ 100 ಗ್ರಾಂ ಬೇಕು, ಹೊರಗೆ ಕೊಂಡರೆ ಲಕ್ಷಗಳ ಮಾತು. ಪ್ಲಾಸ್ಮಾ ಬದಲಾವಣೆಯಲ್ಲಿ ಸುಮಾರು ಐದು ಸಲ, ಹೆಚ್ಚಾಗಿ ದಿನ ಬಿಟ್ಟು ದಿನ, ರಕ್ತದ ನೀರಿನ ಭಾಗ ತೆಗೆದು ಬೇರೆ ಹಾಕುತ್ತಾರೆ. ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಎರಡೂ ಕೆಲವು ವಾರಗಳ ಆಸರೆ ಅಷ್ಟೇ. ಅದರ ಆಚೆಗೆ ದಿನದ ಗುಳಿಗೆಯೇ ಗತಿ. ಡಿಸ್ಚಾರ್ಜ್ ದಿನ ಕೈಗೆ ಚೀಟಿ ಬರುತ್ತದೆ, ಕಾರ್ಡಿನ ಕೆಲಸ ಅಲ್ಲಿಗೆ ಮುಗಿಯುತ್ತದೆ, ಮತ್ತೆ ಅದೇ ಕಥೆ ಶುರು.

ಹೊಸ ಔಷಧಿಗಳ ಬಗ್ಗೆ ನನ್ನನ್ನು ಕೇಳುವವರು ಬಹಳ. ಮೊಬೈಲಿನಲ್ಲಿ ನೋಡಿಕೊಂಡು ಬರುತ್ತಾರೆ. ಅಮೆರಿಕದಲ್ಲಿ ಎಕುಲಿಜುಮ್ಯಾಬ್‌ಗೆ 2017ರಲ್ಲಿ, ಎಫ್ಗಾರ್ಟಿಜಿಮೊಡ್‌ಗೆ 2021ರಲ್ಲಿ ಈ ಕಾಯಿಲೆಗೆ ಅಂತಲೇ ಅನುಮತಿ ಸಿಕ್ಕಿತು. ಮೊದಲನೆಯದು ಪ್ರತಿಕಾಯ ಮಾಡುವ ಹಾನಿಯನ್ನು ಕೊನೆ ಹೆಜ್ಜೆಯಲ್ಲಿ ತಡೆಯುತ್ತದೆ, ಅದಕ್ಕೆ ಮುಂಚೆ ಮೆನಿಂಜೊಕಾಕಲ್ ಲಸಿಕೆ ಹಾಕಿಸಬೇಕು. ಎರಡನೆಯದು ಪ್ರತಿಕಾಯಗಳನ್ನೇ ದೇಹದಿಂದ ಬೇಗ ಖಾಲಿ ಮಾಡುತ್ತದೆ. ಅಜಥಯೋಪ್ರಿನ್ ಹಾಗೆ ವರ್ಷ ಕಾಯಬೇಕಾಗಿಲ್ಲ, ವಾರಗಳಲ್ಲಿ ಗುಣ ಕಾಣುತ್ತದೆ. ಬೆಲೆ ಮಾತ್ರ ನಮ್ಮ ಜನ ಕನಸಿನಲ್ಲೂ ಮುಟ್ಟದ ಬೆಲೆ. ಯಾವುದಕ್ಕೂ ಬಗ್ಗದ ಕಾಯಿಲೆ ಇರುವವರಿಗೆ ಮುಂದೊಂದು ದಿನ ಅವು ಸಿಗಲೇಬೇಕು. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಅದರ ಬಗ್ಗೆ ಘೋಷಣೆ ಮಾಡುವ ಮುಂಚೆ ಪಿರಿಡೊಸ್ಟಿಗ್ಮಿನ್ ಸವಣೂರಿನಲ್ಲಿ ಸಿಗುವ ಹಾಗೆ ಮಾಡಿ.

ಇನ್ನು ಬೇಡಿಕೆ. ಪಿರಿಡೊಸ್ಟಿಗ್ಮಿನ್, ಪ್ರೆಡ್ನಿಸೊಲೋನ್, ಅಜಥಯೋಪ್ರಿನ್ ಈ ಮೂರು ಗುಳಿಗೆ ಮೂರೂ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕು, ಒಂದು ಸಲಕ್ಕೆ ಎರಡು ತಿಂಗಳಿಗಾಗುವಷ್ಟು. ಬಿಪಿ, ಶುಗರ್ ಗುಳಿಗೆ ಈಗ ಹಾಗೇ ಕೊಡುತ್ತಿದ್ದೀರಲ್ಲ, ಅದೇ ಕೌಂಟರ್, ಅದೇ ರಿಜಿಸ್ಟರ್. ರೋಗಿಗಳ ಹೆಸರು ಒಂದು ಕಡೆ ಬರೆದಿಟ್ಟುಕೊಂಡರೆ ಎಷ್ಟು ಮಾಲು ಬೇಕು ಅನ್ನುವುದು ಮೊದಲೇ ಗೊತ್ತಾಗುತ್ತದೆ, ಎಕ್ಸ್‌ಪೈರಿ ಚಿಂತೆಯೂ ಇರುವುದಿಲ್ಲ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮ ಮುಖ್ಯವಾಗಿ ಸ್ಟ್ರೋಕ್, ಫಿಟ್ಸ್, ಮರೆವು, ತಲೆನೋವನ್ನು ನೋಡುತ್ತದೆ. ಅದರ ಜೊತೆಗೇ ತಿಂಗಳಿಗೊಂದು ದಿನ ಗದಗಿನಲ್ಲಿ, ಒಂದು ದಿನ ಹಾವೇರಿಯಲ್ಲಿ ಈ ಕಾಯಿಲೆಯವರನ್ನೂ ನೋಡಲಿ. ಹುಬ್ಬಳ್ಳಿಯಿಂದಲೋ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್‌ನಿಂದಲೋ ತಜ್ಞರು ಬರಲಿ, ಬರಲಾಗದಿದ್ದರೆ ವಿಡಿಯೋದಲ್ಲಾದರೂ ಮಾತಾಡಲಿ. ಒಂದು ವಿನಂತಿ, ಆ ಕ್ಲಿನಿಕ್ ಮಧ್ಯಾಹ್ನದ ಮೇಲೆ ಇರಲಿ. ಬೆಳಿಗ್ಗೆ ಇವರೆಲ್ಲ ಆರೋಗ್ಯವಂತರ ಹಾಗೇ ಕಾಣುತ್ತಾರೆ.

ಅಂಗವಿಕಲರ ಪ್ರಮಾಣಪತ್ರದ ತೊಂದರೆಯೂ ಇಲ್ಲೇ ಇರುವುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಯಸ್ತೇನಿಯಾದ ಹೆಸರಿಲ್ಲ. ದೀರ್ಘಕಾಲದ ನರ ಸಮಸ್ಯೆ ಅನ್ನುವ ಬಗೆಯಲ್ಲಿ ಸೇರಿಸಲು ಅವಕಾಶ ಇದೆ. ಆದರೆ ಬೆಳಿಗ್ಗೆ ಗುಳಿಗೆ ನುಂಗಿ, ಪ್ರಮಾಣಪತ್ರ ಕೊಡುವ ವೈದ್ಯರ ಬೋರ್ಡ್ ಮುಂದೆ ನಿಂತವರ ಕೈಕಾಲು ಗಟ್ಟಿಯಾಗೇ ಇರುತ್ತದೆ. "ಏನಾಗೇತಿ ನಿಮಗ?" ಅಂತ ಕೇಳಿ ಕಳಿಸುತ್ತಾರೆ. ಏರುಪೇರಾಗುವ ಕಾಯಿಲೆಯನ್ನು ಹೇಗೆ ಅಳೆಯಬೇಕು ಅಂತ ಬೋರ್ಡಿನವರಿಗೆ ಒಂದು ಸುತ್ತೋಲೆ ಕಳಿಸಿ.

ಕೊನೆಗೆ ಕಾರ್ಡ್. ಪ್ರತಿ ರೋಗಿಯ ಕೈಯಲ್ಲಿ ಒಂದು ಕೆಂಪು ಕಾರ್ಡ್ ಇರಬೇಕು. ಒಂದು ಬದಿ ಕಾಯಿಲೆಯ ಹೆಸರು, ನಡೆಯುತ್ತಿರುವ ಗುಳಿಗೆ, ಡಾಕ್ಟರ ನಂಬರ್. ಇನ್ನೊಂದು ಬದಿ ಕೊಡಬಾರದ ಔಷಧಿಗಳು, ಉಸಿರು ಎಣಿಸುವ ಪರೀಕ್ಷೆ. ಅಪಘಾತಕ್ಕೋ ಅಪೆಂಡಿಕ್ಸಿಗೋ ಆಪರೇಷನ್ ಮಾಡುವ ಮುಂಚೆ ಅರಿವಳಿಕೆ ಡಾಕ್ಟರಿಗೆ ಇದನ್ನು ತೋರಿಸಬೇಕು ಅನ್ನುವ ಸಾಲೂ ಇರಲಿ. ಕನ್ನಡದಲ್ಲೇ ಇರಲಿ, ಔಷಧಿಯ ಹೆಸರು ಮಾತ್ರ ಎರಡೂ ಲಿಪಿಯಲ್ಲಿ. ಕರಡು ನಾನು ಬರೆದಿಟ್ಟಿದ್ದೇನೆ. ಅಂಗಡಿಗೆ ಬರುವ ನಾಲ್ಕಾರು ರೋಗಿಗಳಿಗೆ ಓದಿಸಿ ತಿದ್ದಿಯೂ ಆಗಿದೆ. ನಿಮ್ಮ ಇಲಾಖೆಯ ನರರೋಗ ತಜ್ಞರೊಬ್ಬರು ಅದನ್ನು ನೋಡಿ ಸರಿ ಮಾಡಿ ಸೀಲ್ ಹಾಕಿಸಿದರೆ, ನಮ್ಮ ಓಣಿಯ ಮೆಡಿಕಲ್ ಶಾಪ್‌ಗಳ ಕೌಂಟರಿಗೆ ಅದರ ಪ್ರತಿ ಅಂಟಿಸುವ ಕೆಲಸ ನಾನು ನೋಡಿಕೊಳ್ಳುತ್ತೇನೆ. ಗುಳಿಗೆಗಳ ವಿಷಯದಲ್ಲಿ, ಮುಂದಿನ ಔಷಧಿ ಖರೀದಿಯ ಟೆಂಡರ್ ಕರೆಯುವ ಮುಂಚೆ ಉತ್ತರ ಬಂದರೆ ಉಪಕಾರ ಆಗುತ್ತದೆ. ಟೆಂಡರ್ ಆದಮೇಲೆ ಬಂದರೆ ಮತ್ತೆ ಒಂದು ವರ್ಷ ಕಂಡಕ್ಟರನ್ನೇ ನಂಬಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಔಷಧಿ ವ್ಯಾಪಾರಿ,
ಹುಬ್ಬಳ್ಳಿ